ಚಿಕ್ಕ ದೋಣಿಯ ತೂಕ, ದೊಡ್ಡ ದೋಣಿಯ ಖರ್ಚು

ಹಾಯಿನೌಕೆಯನ್ನೇ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ದ್ವೀಪದಿಂದ ದ್ವೀಪಕ್ಕೆ ಸಾಗುವವರು ಲೋಕದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರೆಲ್ಲರೂ ಸಿರಿವಂತರೇನಲ್ಲ. ನಿವೃತ್ತಿಯ ಹಣದಲ್ಲಿ ಹತ್ತು ಹನ್ನೆರಡು ಮೀಟರ್ ಉದ್ದದ ಹಳೆಯ ನೌಕೆಯೊಂದನ್ನು ಕೊಂಡು, ಅದರ ರಿಪೇರಿಯನ್ನು ತಾವೇ ಮಾಡಿಕೊಳ್ಳುತ್ತ, ಕಾಸಿಗೆ ಕಾಸು ಲೆಕ್ಕ ಹಾಕಿ ಬದುಕುವವರೂ ಅವರಲ್ಲಿ ಬಹಳ. ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಸಾಲಾಗಿರುವ ಮಾರ್ಟಿನಿಕ್, ಸೇಂಟ್ ಲೂಸಿಯಾ, ಬೆಕ್ವೇ, ಗ್ರೆನಡಾ ದ್ವೀಪಗಳು ಇಂಥವರು ಚಳಿಗಾಲ ಕಳೆಯುವ ತಾಣಗಳು. ಅಲ್ಲಿನ ಕೊಲ್ಲಿಗಳಲ್ಲಿ ನೌಕೆ ಲಂಗರು ಹಾಕಿ ದಡದಿಂದ ದೂರವೇ ನಿಲ್ಲುತ್ತದೆ. ತರಕಾರಿ ತರುವುದಕ್ಕೆ, ಕುಡಿಯುವ ನೀರು ತುಂಬಿಸಿಕೊಳ್ಳುವುದಕ್ಕೆ, ವೈದ್ಯರನ್ನು ಕಾಣುವುದಕ್ಕೆ ದಡ ಸೇರಬೇಕಾದರೆ ಚಿಕ್ಕ ದೋಣಿಯೊಂದು ಬೇಕೇ ಬೇಕು. ಅದೇ ಡಿಂಗಿ. ಮಲ್ಪೆಯ ಧಕ್ಕೆಯಲ್ಲಿ ಪರ್ಸೀನ್ ಬೋಟುಗಳ ಜೊತೆಗಿರುವ ಚಿಕ್ಕ ದೋಣಿಯನ್ನು ಕಂಡವರಿಗೆ ಈ ಹೆಸರು ಹೊಸದಲ್ಲ. ರಾತ್ರಿಯ ಹೊತ್ತು, ಮತ್ತು ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಹೋಗುವಾಗ, ಈ ಡಿಂಗಿಯನ್ನು ನೀರಿನಿಂದ ಮೇಲೆತ್ತಿ ನೌಕೆಯ ಹಿಂಬದಿಗೆ ಅಡ್ಡಲಾಗಿ ತೂಗುಹಾಕುವ ಜೋಡಿ ತೋಳುಗಳಿಗೆ ಡೇವಿಟ್ ಎನ್ನುತ್ತಾರೆ. ಕೈಗೆಟುಕುವ ಬೆಲೆಯಲ್ಲಿ ಬಾಳಿಕೆ ಬರುವ ಡೇವಿಟ್‌ಗಳನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ಈ ಹೊತ್ತಿನ ವಿಷಯ.

ದೋಣಿಯನ್ನು ತೋಳಿಗೆ ತೂಗುಹಾಕುವ ಪದ್ಧತಿ ಬಹಳ ಹಳೆಯದು. 1841ರಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ನಲ್ಲಿ ನೀರಿಗಿಳಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ತಿಮಿಂಗಿಲ ಬೇಟೆಯ ಹಡಗು ಇವತ್ತಿಗೂ ಕನೆಕ್ಟಿಕಟ್‌ನ ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಆರು ಜನ ಕೂರುವ ಅದರ ಬೇಟೆದೋಣಿಗಳು ತೂಗುವುದು ಬಾಗಿದ ಮರದ ಡೇವಿಟ್‌ಗಳಿಂದ. 1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿ ಸ್ವೀಡನ್ನಿನ ಆಕ್ಸೆಲ್ ವೆಲಿನ್ ರೂಪಿಸಿದ ಉಕ್ಕಿನ ಡೇವಿಟ್‌ಗಳು 16 ಜೊತೆ ಇದ್ದವು. ಒಂದೊಂದು ಜೊತೆಯೂ ಒಂದರ ಬೆನ್ನಿಗೆ ಇನ್ನೊಂದು ದೋಣಿಯನ್ನು ಇಳಿಸಬಲ್ಲಂಥದು. ಹಡಗಿನಲ್ಲಿ ಇದ್ದ ದೋಣಿಗಳು ಮಾತ್ರ ಒಟ್ಟು 20. ಒಂದು ಕಡೆ ಬರೀ ಮರದ ತೋಳು ದಶಕಗಳ ಕಾಲ ತನ್ನ ಕೆಲಸ ಮಾಡಿತು. ಇನ್ನೊಂದು ಕಡೆ ಆ ಕಾಲದ ಅತ್ಯುತ್ತಮ ತೋಳು ಇದ್ದೂ ಅದರ ಪೂರ್ಣ ಪ್ರಯೋಜನ ಸಿಗಲಿಲ್ಲ. ತೋಳನ್ನು ತೋಳಾಗಿ ಮಾತ್ರ ನೋಡಿದರೆ ಸಾಲದು ಎಂಬುದಕ್ಕೆ ಇಷ್ಟು ಸಾಕು. ಅದು ಯಾವ ದೋಣಿಯನ್ನು ಹೊರುತ್ತದೆ, ಅದನ್ನು ಯಾವ ಹಡಗು ಹೊರುತ್ತದೆ ಎಂಬ ಎರಡು ಪ್ರಶ್ನೆಗಳ ನಡುವೆ ಡೇವಿಟ್‌ನ ಯೋಗ್ಯತೆ ನಿಂತಿದೆ.

ಮೊದಲಿಗೆ, ಡಿಂಗಿಯನ್ನು ಎತ್ತಲೇಬೇಕೇ ಎಂದು ಕೇಳುವವರಿದ್ದಾರೆ. ಹಗ್ಗ ಕಟ್ಟಿ ಹಿಂದೆ ಎಳೆದುಕೊಂಡು ಹೋದರಾಗದೇ? ನೀರು ಶಾಂತವಾಗಿರುವ ಕೊಲ್ಲಿಯೊಳಗೆ ಖಂಡಿತ ಆಗುತ್ತದೆ. ಆದರೆ ಕೆರಿಬಿಯನ್ ದ್ವೀಪಗಳ ನಡುವಣ ಜಲಸಂಧಿಗಳಲ್ಲಿ ವಾಣಿಜ್ಯ ಮಾರುತ 15ರಿಂದ 25 ನಾಟ್ ವೇಗದಲ್ಲಿ ಬೀಸುವುದು ಮಾಮೂಲು. ಅಟ್ಲಾಂಟಿಕ್‌ನ ಅಲೆಗಳು ಆ ಸಂದಿಗಳಲ್ಲಿ ನುಗ್ಗುತ್ತವೆ. ಹಿಂದೆ ಎಳೆಸಿಕೊಂಡು ಬರುವ ಹಗುರ ದೋಣಿ ಅಲೆಯ ನೆತ್ತಿಯಲ್ಲಿ ಗಾಳಿಗೆ ಮಗುಚಿಕೊಂಡರೆ ಎಂಜಿನ್ ಉಪ್ಪುನೀರು ಕುಡಿಯುತ್ತದೆ, ಹಗ್ಗ ಹರಿದರೆ ದೋಣಿಯೇ ಹೋಗುತ್ತದೆ. ಮಗುಚದಿದ್ದರೂ ನೌಕೆಯ ವೇಗ ಇಳಿಯುವುದು ತಪ್ಪುವುದಿಲ್ಲ; ಹಿಂದಕ್ಕೆ ಚಲಿಸುವಾಗ ಎಳೆಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಅಪಾಯ ಬೇರೆ. ಲಂಗರು ಹಾಕಿ ನಿಂತ ರಾತ್ರಿಗಳದು ಇನ್ನೊಂದು ಕಥೆ. ನೀರಿನಲ್ಲೇ ಬಿಟ್ಟ ಡಿಂಗಿ ಕಳ್ಳರಿಗೆ ಸುಲಭದ ತುತ್ತು. ಎಂಜಿನ್ ಸಮೇತ ಮಾರಿಹೋಗುವ ವಸ್ತು ಅದು. ಆ ಕಡೆಯ ನಾವಿಕರಲ್ಲಿ ‘ಎತ್ತು, ಬೀಗ ಹಾಕು, ಇಲ್ಲವೇ ಕಳೆದುಕೋ’ ಎಂಬ ಅರ್ಥದ ಮಾತು ಗಾದೆಯಾಗಿಯೇ ನಿಂತುಬಿಟ್ಟಿದೆ. ಸಾಲದ್ದಕ್ಕೆ ಬೆಚ್ಚನೆಯ ನೀರಿನಲ್ಲಿ ಕೆಲವೇ ವಾರಗಳೊಳಗೆ ದೋಣಿಯ ತಳಕ್ಕೆ ಪಾಚಿ ಮತ್ತು ಗಟ್ಟಿಚಿಪ್ಪಿನ ಜೀವಿಗಳು ಅಂಟಿಕೊಳ್ಳುತ್ತವೆ; ಅವನ್ನು ಕೆರೆದಷ್ಟೂ ರಬ್ಬರ್ ಬಟ್ಟೆ ಸವೆಯುತ್ತದೆ. ಎತ್ತುವುದು ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಹೇಗೆ ಎತ್ತುವುದು, ಎಷ್ಟು ಖರ್ಚಿನಲ್ಲಿ ಎಂಬುದೇ ಪ್ರಶ್ನೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ಬೆಲೆಪಟ್ಟಿಯನ್ನು. ಅಮೆರಿಕದ ಅನಾಪೊಲಿಸ್‌ನ ಕೇಟೊ ಮರೀನ್, ಕ್ಯಾಲಿಫೋರ್ನಿಯಾದ ಗಾರ್‌ಹೌರ್ ಮುಂತಾದ ತಯಾರಕರ ಹೆಸರುಗಳು ಈ ವಲಯದಲ್ಲಿ ಪರಿಚಿತ. ಅವರವರ ತೋಳುಗಳ ಬೆಲೆ ಹೋಲಿಸಿ, ಕಡಿಮೆಯದನ್ನು ಕೊಂಡರೆ ಉಳಿತಾಯವಾಯಿತು ಎಂಬುದು ರೂಢಿಯ ಲೆಕ್ಕ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಡೇವಿಟ್‌ನಲ್ಲಿ ಹಣ ಉಳಿಸುವ ಜಾಗ ಡೇವಿಟ್ ಅಲ್ಲ, ಅದಕ್ಕೆ ನೇತುಹಾಕುವ ತೂಕ. ತೂಕವನ್ನು ಮೊದಲು ಇಳಿಸಿದವನಿಗೆ ಸಾಧಾರಣ ಬೆಲೆಯ ತೋಳು ಧಾರಾಳವಾಗಿ ಸಾಕು. ತೂಕ ಇಳಿಸದವನಿಗೆ ದುಬಾರಿ ತೋಳು ಕೊಂಡರೂ ನೌಕೆಯ ಡೆಕ್ಕು ಉಳಿಯುವ ಭರವಸೆಯಿಲ್ಲ. ಜೊತೆಗೆ, ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ: ಪೈಪಿನ ಅಡ್ಡಳತೆಯಲ್ಲಿ ಮತ್ತು ಡೆಕ್ಕಿಗೆ ಅದನ್ನು ಕೂರಿಸುವ ಕೆಲಸದಲ್ಲಿ. ಇದನ್ನು ಬಾಯಿಮಾತಿಗೆ ಬಿಡದೆ ಒಂದಿಷ್ಟು ಅಂಕಿಗಳಿಂದ ನೋಡೋಣ.

ಕುಟುಂಬವೊಂದು ಇಟ್ಟುಕೊಳ್ಳುವ ಸಾಮಾನ್ಯ ಡಿಂಗಿ ಎಂದರೆ ಸುಮಾರು ಮೂರು ಮೀಟರ್ ಉದ್ದದ, ಫೈಬರ್‌ಗ್ಲಾಸಿನ ಗಟ್ಟಿ ತಳವಿದ್ದು ಸುತ್ತಲೂ ಗಾಳಿ ತುಂಬಿದ ಕೊಳವೆಯಿರುವ ದೋಣಿ. ಅದರ ತೂಕ 65 ಕೆ.ಜಿ. ಎಂದಿಟ್ಟುಕೊಳ್ಳಿ. 15 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಸುಮಾರು 36 ಕೆ.ಜಿ.; ಅಷ್ಟೇ ಶಕ್ತಿಯ ಫೋರ್ ಸ್ಟ್ರೋಕ್ ಆದರೆ 50ರ ಆಸುಪಾಸು. ಹನ್ನೆರಡು ಲೀಟರ್ ಪೆಟ್ರೋಲ್ ತುಂಬಿದ ಟ್ಯಾಂಕ್ 11 ಕೆ.ಜಿ. ಹುಟ್ಟು, ಚಿಕ್ಕ ಲಂಗರು, ಬೀಗದ ಸರಪಳಿ ಸೇರಿ ಇನ್ನೊಂದು ಹತ್ತು. ಒಟ್ಟು 122. ಎರಡು ತೋಳಿಗೆ ಹಂಚಿದರೆ ಒಂದಕ್ಕೆ 61 ಎಂದು ಸಮಾಧಾನ ಪಟ್ಟುಕೊಳ್ಳುವವರೇ ಹೆಚ್ಚು. ಆದರೆ ತೂಕ ಹಾಗೆ ಸಮಪಾಲಾಗಿ ಹಂಚಿಹೋಗುವುದಿಲ್ಲ. ಎಂಜಿನ್ ಇರುವುದು ಡಿಂಗಿಯ ಒಂದು ತುದಿಯಲ್ಲಿ. ಪೆಟ್ರೋಲ್ ಟ್ಯಾಂಕೂ ಅದರ ಪಕ್ಕದಲ್ಲೇ. ದೋಣಿ ಮತ್ತು ಸಾಮಾನಿನ 75 ಕೆ.ಜಿ.ಯಲ್ಲಿ ಅರ್ಧ, ಅಂದರೆ 37 ಒಂದು ತೋಳಿಗೆ. ಇನ್ನೊಂದು ತೋಳಿಗೆ ಆ 37ರ ಜೊತೆಗೆ ಎಂಜಿನ್ನು ಮತ್ತು ಟ್ಯಾಂಕಿನ 47 ಹೆಚ್ಚುಕಡಿಮೆ ಇಡಿಯಾಗಿ ಬೀಳುತ್ತದೆ. ಒಂದು ಕಡೆ 37, ಇನ್ನೊಂದು ಕಡೆ 84. ಮುರಿಯುವ ತೋಳು ಯಾವುದೆಂದು ಹೇಳುವುದಕ್ಕೆ ಜ್ಯೋತಿಷಿ ಬೇಕಿಲ್ಲ. ಎಂಜಿನ್ನನ್ನೂ ಟ್ಯಾಂಕನ್ನೂ ಇಳಿಸಿ ನೌಕೆಯ ಕಟಕಟೆಗೆ ಕಟ್ಟಿಬಿಟ್ಟರೆ ಒಟ್ಟು ತೂಕ ಕಡಿಮೆಯಾಗುವುದು ಶೇಕಡ 40ರಷ್ಟು ಮಾತ್ರ. ಆದರೆ ಹೆಚ್ಚು ದಣಿಯುವ ತೋಳಿನ ಭಾರ 84ರಿಂದ 37ಕ್ಕೆ, ಅಂದರೆ ಅರ್ಧಕ್ಕೂ ಕೆಳಗೆ, ಇಳಿಯುತ್ತದೆ.

ಇನ್ನು ಆ ತೋಳಿನ ಕಷ್ಟ ಏನೆಂದು ನೋಡಬೇಕು. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿ ಹೊರುವುದು ಸಲೀಸು. ಅದೇ ಕೊಡವನ್ನು ಕೈ ಚಾಚಿ ಹಿಡಿದು ನಿಲ್ಲಿ ಎಂದರೆ ಅರೆಗಳಿಗೆಯಲ್ಲಿ ಭುಜ ಸೋಲುತ್ತದೆ. ಡೇವಿಟ್‌ನದು ದಿನವಿಡೀ ಕೈ ಚಾಚಿ ನಿಂತ ಸ್ಥಿತಿ. ಭಾರ ಎಷ್ಟು ಎಂಬುದರಷ್ಟೇ, ಅದು ಬುಡದಿಂದ ಎಷ್ಟು ದೂರದಲ್ಲಿದೆ ಎಂಬುದೂ ಇಲ್ಲಿ ಮುಖ್ಯ. ಸಮುದ್ರದಲ್ಲಿ ಬಳಸುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಪೈಪು ತೆಗೆದುಕೊಳ್ಳಿ. ಹೊರ ಅಡ್ಡಳತೆ 32 ಮಿಲಿಮೀಟರ್, ಗೋಡೆಯ ದಪ್ಪ 2 ಮಿಲಿಮೀಟರ್. ಬುಡದಿಂದ ಒಂದು ಮೀಟರ್ ಆಚೆ ಇದಕ್ಕೆ ಸುಮಾರು 27 ಕೆ.ಜಿ. ತೂಗುಹಾಕಿದರೆ ಅದು ಮತ್ತೆ ನೆಟ್ಟಗಾಗದಂತೆ ಬಾಗತೊಡಗುತ್ತದೆ. ಹೊರ ಅಡ್ಡಳತೆ 50, ದಪ್ಪ 3 ಮಿಲಿಮೀಟರ್ ಆದರೆ ಅದೇ ದೂರದಲ್ಲಿ ಸುಮಾರು 100 ಕೆ.ಜಿ. ತಡೆಯುತ್ತದೆ. ಲೋಹ ಖರ್ಚಾಗುವುದು ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು. ಬಲ ಸಿಗುವುದು ಮೂರೂವರೆ ಪಟ್ಟಿಗಿಂತ ಹೆಚ್ಚು. ಪೈಪಿನ ಅಡ್ಡಳತೆಯಲ್ಲಿ ಜಿಪುಣತನ ತೋರಬಾರದು ಎಂದದ್ದು ಇದಕ್ಕೇ. ತೆಳು ಪೈಪಿನ ಅಗ್ಗದ ಜೋಡಿಯನ್ನು ಕೊಂಡವರು ಉಳಿಸುವುದು ಸ್ವಲ್ಪ, ಕಳೆದುಕೊಳ್ಳುವುದು ಬಹಳ.

ಮೇಲಿನ ಅಂಕಿಗಳು ನೌಕೆ ಅಲುಗಾಡದೆ ನಿಂತಿದ್ದರೆ ಸರಿ. ನೌಕೆ ಅಲೆಯ ಮೇಲೆ ಎದ್ದು ಕುಪ್ಪಳಿಸಿದಾಗ ತೂಗುವ ಭಾರ ಒಮ್ಮೆ ಹಗುರಾಗಿ ಮರುಕ್ಷಣ ಜಗ್ಗುತ್ತದೆ. ಆದ್ದರಿಂದ ನಿಂತ ತೂಕದ ಎರಡು ಪಟ್ಟನ್ನಾದರೂ ಲೆಕ್ಕಕ್ಕೆ ಹಿಡಿಯುವುದು ವಿವೇಕ. ಎಂಜಿನ್ ಸಮೇತದ 84 ಕೆ.ಜಿ. ಆಗ 168 ಆಗುತ್ತದೆ. 50 ಮಿಲಿಮೀಟರ್ ಪೈಪಿಗೂ ಅದು ಮೀರಿದ್ದು. ಎಂಜಿನ್ ಇಳಿಸಿದ 37 ಕೆ.ಜಿ. 74 ಆಗುತ್ತದೆ; ಅದೇ ಪೈಪಿಗೆ ಇದು ಆರಾಮ. ಅಂದರೆ ಎಂಜಿನ್ ಇಳಿಸುವ ಅಭ್ಯಾಸ ಇದ್ದವರಿಗೆ ಸರಳವಾದ ಜೋಡಿ ಪೈಪು ಸಾಕು. ಇಲ್ಲದವರಿಗೆ ಇನ್ನೂ ದಪ್ಪದ ಪೈಪು, ಇಲ್ಲವೇ ತೋಳಿನ ನಡುವಿನಿಂದ ನೌಕೆಯ ಹಿಂಗೋಡೆಗೆ ಓರೆಯಾಗಿ ಆಸರೆ ಪೈಪು ಬೇಕು. ನೌಕೆ ಪಕ್ಕಕ್ಕೆ 30 ಡಿಗ್ರಿ ವಾಲಿದರೆ ಭಾರದ ಅರ್ಧದಷ್ಟು ತೋಳನ್ನು ಅಡ್ಡಡ್ಡ ಎಳೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಎರಡು ತೋಳುಗಳ ನಡುವೆ ಒಂದು ಅಡ್ಡಪೈಪು ಕೂರಿಸಿ ಮೂಲೆಯಿಂದ ಮೂಲೆಗೆ ತಂತಿ ಎಳೆದರೆ ಈ ಎಳೆತಕ್ಕೆ ಉತ್ತರ ಸಿಗುತ್ತದೆ. ಇವೆಲ್ಲ ಸಣ್ಣ ಖರ್ಚಿನ ಸಂಗತಿಗಳು. ಬೆಲೆಪಟ್ಟಿಯಲ್ಲಿ ಇವು ಕಾಣಿಸುವುದಿಲ್ಲ.

ತೋಳು ಉಳಿದರೂ ಬುಡ ಉಳಿಯಬೇಕಲ್ಲ. ಹಳೆಯ ನೌಕೆಗಳಲ್ಲಿ ಡೇವಿಟ್ ಸೋಲುವುದು ಹೆಚ್ಚಾಗಿ ಡೆಕ್ಕಿನಲ್ಲಿ. ಒಂದು ಮೀಟರ್ ದೂರದ 84 ಕೆ.ಜಿ. ಭಾರವನ್ನು ಹತ್ತು ಸೆಂಟಿಮೀಟರ್ ಅಂತರದ ಎರಡು ಸಾಲು ಬೋಲ್ಟುಗಳು ಹಿಡಿದಿವೆ ಎನ್ನಿ. ದೂರ ಹತ್ತು ಪಟ್ಟಾದ್ದರಿಂದ ಒಳಸಾಲಿನ ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಬಲ 840 ಕೆ.ಜಿ. ತೂಕಕ್ಕೆ ಸಮ, ಅಲೆಯ ಜಗ್ಗಾಟ ಸೇರಿದರೆ ಇನ್ನೂ ಹೆಚ್ಚು. ಅದರ ಕೆಳಗಿರುವುದಾದರೂ ಏನು? ಬಹಳಷ್ಟು ನೌಕೆಗಳ ಡೆಕ್ಕು ಎರಡು ತೆಳು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳು ತುಂಬಿದ್ದು. ಬಾಲ್ಸಾ ಬೆಂಡಿನಷ್ಟು ಹಗುರ. ಬೋಲ್ಟಿನ ರಂಧ್ರದಿಂದ ನೀರಿಳಿದರೆ ಕೆಲವೇ ಮಳೆಗಾಲಗಳಲ್ಲಿ ಕೊಳೆತು ಮೆತ್ತಗಾಗುತ್ತದೆ. ಆಗ ಬೋಲ್ಟು ಬಿಗಿಮಾಡಿದಷ್ಟೂ ಡೆಕ್ಕು ಒಳಕ್ಕೆ ಕುಸಿಯುತ್ತದೆಯೇ ಹೊರತು ಹಿಡಿತ ಬರುವುದಿಲ್ಲ. ಇದಕ್ಕೆ ಪರಿಹಾರ ಗೊತ್ತಿರುವುದೇ. ಬೇಕಾದ್ದಕ್ಕಿಂತ ದೊಡ್ಡ ರಂಧ್ರ ಕೊರೆದು, ಸುತ್ತಲಿನ ತಿರುಳನ್ನು ಕೆರೆದು ತೆಗೆದು, ಆ ಜಾಗಕ್ಕೆ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಡೆಕ್ಕಿನ ಅಡಿಗೆ ಬರೀ ವಾಶರ್ ಹಾಕದೆ ಅಂಗೈಗಿಂತ ಅಗಲವಾದ ಲೋಹದ ತಗಡನ್ನು ಕೊಡಬೇಕು. ಇನ್ನೂ ಮುಖ್ಯವಾದದ್ದು ಹಿಡಿತದ ಅಂತರ. ತೋಳಿನ ಕಂಬವನ್ನು ಡೆಕ್ಕಿನಲ್ಲಿ ಒಂದು ಕಡೆ, ಅರ್ಧ ಮೀಟರ್ ಕೆಳಗೆ ಹಿಂಗೋಡೆಯಲ್ಲಿ ಇನ್ನೊಂದು ಕಡೆ ಹಿಡಿದರೆ ಅದೇ 840 ಕೆ.ಜಿ.ಯ ಕೀಳುವ ಬಲ 168ಕ್ಕೆ ಇಳಿಯುತ್ತದೆ. ಐದರಲ್ಲಿ ನಾಲ್ಕು ಪಾಲು ಸಂಕಟವನ್ನು ಒಂದು ಹೆಚ್ಚುವರಿ ಬ್ರಾಕೆಟ್ ಕಳೆಯುತ್ತದೆ. ಇಷ್ಟು ಅಗ್ಗದ ಬಲ ಡೇವಿಟ್‌ನ ಬೇರೆ ಯಾವ ಭಾಗದಲ್ಲೂ ಸಿಗುವುದಿಲ್ಲ.

‘ಒಳ್ಳೆಯ ಕಂಪನಿಯ ದುಬಾರಿ ಡೇವಿಟ್ ಕೊಂಡರೆ ಇಷ್ಟೆಲ್ಲ ಲೆಕ್ಕದ ಗೋಜು ಏಕೆ?’ ಎಂಬ ಆಕ್ಷೇಪ ಸಹಜ. ಒಳ್ಳೆಯ ತಯಾರಕರ ವೆಲ್ಡಿಂಗ್ ಅಚ್ಚುಕಟ್ಟು, ಲೋಹ ಹೇಳಿದ ದರ್ಜೆಯದು, ಹೊಳಪು ಬಹುಕಾಲ ಉಳಿಯುತ್ತದೆ; ಅದಕ್ಕೆ ಬೆಲೆ ಕೊಡುವುದು ತಪ್ಪಲ್ಲ. ಆದರೆ ತಯಾರಕರು ಹೇಳುವ ತಾಳಿಕೆಯ ಮಿತಿ ತಮ್ಮ ತೋಳಿನದು. ಅದನ್ನು ಕೊಳ್ಳುವವರ ನೌಕೆಯ ಡೆಕ್ಕು ಕೊಳೆತಿದೆಯೇ, ಗಟ್ಟಿಯಿದೆಯೇ ಎಂಬುದಕ್ಕೆ ಅವರು ಹೊಣೆಯಲ್ಲ. ಗಟ್ಟಿ ತೋಳನ್ನು ಮೆತ್ತಗಿನ ಡೆಕ್ಕಿಗೆ ಕೂರಿಸಿದರೆ ತೋಳು ಬಾಗುವ ಬದಲು ಡೆಕ್ಕಿನ ತುಂಡೊಂದನ್ನು ಕಿತ್ತುಕೊಂಡು ಹೋಗುತ್ತದೆ. ಬಾಗಿದ ಪೈಪನ್ನು ಯಾವ ಬಂದರಿನಲ್ಲಿ ಬೇಕಾದರೂ ಬದಲಿಸಬಹುದು. ಹರಿದ ಡೆಕ್ಕಿನ ರಿಪೇರಿ ಹಾಗಲ್ಲ. ಹೀಗಾಗಿ ದುಬಾರಿ ತೋಳು ಈ ಲೆಕ್ಕದಿಂದ ಬಿಡುಗಡೆ ಕೊಡುವುದಿಲ್ಲ, ಇನ್ನಷ್ಟು ಕಟ್ಟುನಿಟ್ಟಾಗಿ ಅದನ್ನೇ ಕೇಳುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. 36 ಕೆ.ಜಿ. ಎಂಜಿನ್ನನ್ನು ಅಲುಗಾಡುವ ದೋಣಿಯಿಂದ ದಿನವೂ ಎತ್ತಿ ಇಳಿಸುವುದು ಯಾರ ಕೈಲಾಗುತ್ತದೆ? ಅದರಲ್ಲೂ ಅರುವತ್ತು ದಾಟಿದ ದಂಪತಿಗೆ? ಕೈಯಿಂದ ಎತ್ತಲು ಹೋದರೆ ಬೆನ್ನು ಹೋದೀತು, ಎಂಜಿನ್ ನೀರುಪಾಲಾದೀತು. ಆದರೆ ಕೈಯಿಂದ ಎತ್ತಬೇಕಾಗಿಲ್ಲ. ಹಿಂಬದಿಯ ಕಟಕಟೆಯ ಬಳಿ ಒಂದೂವರೆ ಎರಡು ಮೀಟರ್ ಎತ್ತರದ ಚಿಕ್ಕ ಕಂಬ, ಅದರ ತುದಿಗೆ ನಾಲ್ಕು ಪಟ್ಟಿನ ರಾಟೆ ಜೋಡಿ ಇದ್ದರೆ 36ರ ನಾಲ್ಕನೇ ಒಂದು ಪಾಲು, ಅಂದರೆ 9 ಕೆ.ಜಿ., ಹಗ್ಗದ ಉಜ್ಜಾಟ ಸೇರಿಸಿ ಹನ್ನೆರಡು ಹದಿಮೂರು ಕೆ.ಜಿ.ಯಷ್ಟು ಎಳೆದರೆ ಸಾಕು. ಈ ಕಂಬಕ್ಕೆ ತಗಲುವ ವೆಚ್ಚ, 168 ಕೆ.ಜಿ. ತಡೆಯುವ ಡೇವಿಟ್‌ಗೂ 74 ಕೆ.ಜಿ. ತಡೆಯುವ ಡೇವಿಟ್‌ಗೂ ಇರುವ ವ್ಯತ್ಯಾಸದ ಮುಂದೆ ದೊಡ್ಡದಲ್ಲ. ಆದರೂ ಮನುಷ್ಯರಿಗೆ ಸೋಮಾರಿತನ ಇದ್ದದ್ದೇ. ಅಲುಗದ ಕೊಲ್ಲಿಯಲ್ಲಿ ಒಂದು ರಾತ್ರಿಯ ಮಟ್ಟಿಗೆ ಎಂಜಿನ್ನನ್ನು ಡಿಂಗಿಯಲ್ಲೇ ಬಿಟ್ಟು ಎತ್ತುವವರು ಇದ್ದೇ ಇರುತ್ತಾರೆ. ಜಗ್ಗಾಟ ಇಲ್ಲದಲ್ಲಿ 84 ಕೆ.ಜಿ.ಯನ್ನು 50 ಮಿಲಿಮೀಟರ್ ಪೈಪು ತಡೆದೀತು, ಆದರೆ ಕೈಯಲ್ಲಿ ಉಳಿಯುವ ಅಂತರ ಬಹಳ ಕಡಿಮೆ. ತಾನು ಎಂಜಿನ್ ಇಳಿಸುವವನಲ್ಲ ಎಂದು ಮನಸ್ಸಿಗೆ ಗೊತ್ತಿರುವವರು ಓರೆ ಆಸರೆ ಇರುವ ಜೋಡಿಯನ್ನೇ ಮಾಡಿಸಿಕೊಳ್ಳಲಿ. ಅಭ್ಯಾಸಕ್ಕೆ ತಕ್ಕ ಉಪಕರಣ ಕೊಳ್ಳುವುದೂ ಮಿತವ್ಯಯವೇ.

‘ಹಾಗಾದರೆ ಹಗುರ ದೋಣಿಯನ್ನೇ ಇಟ್ಟುಕೊಳ್ಳಿ ಎನ್ನುತ್ತೀರಾ? ಹಗುರ ದೋಣಿಯಲ್ಲಿ ನಾಲ್ಕು ಜನ, ನೀರಿನ ಕ್ಯಾನು, ದಿನಸಿ ಹೇರಿಕೊಂಡು ಎದುರುಗಾಳಿಯಲ್ಲಿ ಬರಲಾಗುತ್ತದೆಯೇ?’ ಎಂದೂ ಕೇಳಬಹುದು. ಬರಿಗಾಳಿ ತುಂಬಿದ ತಳದ ದೋಣಿ 30 ಕೆ.ಜಿ. ಒಳಗೇ ಸಿಗುತ್ತದೆ, ಆದರೆ ಕಲ್ಲುದಂಡೆಗೆ ಎಳೆದಾಡಿದರೆ ಬಾಳುವುದಿಲ್ಲ, ಅಲೆ ಎದ್ದಾಗ ನೆನೆಸುತ್ತದೆ. ಆಕ್ಷೇಪ ನಿಜವೇ. ಇದಕ್ಕೆ ನಡುದಾರಿ ಅಲ್ಯೂಮಿನಿಯಂ ತಳದ್ದು. ಅದೇ ಉದ್ದದ ಫೈಬರ್‌ಗ್ಲಾಸ್ ತಳದ ದೋಣಿಗಿಂತ ಹತ್ತಿಪ್ಪತ್ತು ಕೆ.ಜಿ. ಹಗುರ, ಕಲ್ಲಿಗೆ ಹೆಚ್ಚು ಗಟ್ಟಿ. ಬೆಲೆ ಮಾತ್ರ ಹೆಚ್ಚು. ಆದರೆ ಆ ಹೆಚ್ಚುವರಿ ಬೆಲೆಯನ್ನು ದೋಣಿಯ ಲೆಕ್ಕಕ್ಕೆ ಮಾತ್ರ ಬರೆಯಬಾರದು, ಡೇವಿಟ್‌ನ ಲೆಕ್ಕಕ್ಕೂ ಬರೆಯಬೇಕು. ಒಂದು ಕಡೆ ಕೊಟ್ಟ ಹಣ ಇನ್ನೊಂದು ಕಡೆ ಉಳಿಯುತ್ತದೆ. ಮೇಲಾಗಿ ನೌಕೆಯ ಹಿಂಬದಿ ತಗ್ಗುವುದು ಕಡಿಮೆಯಾಗುತ್ತದೆ. ಒಂಬತ್ತು ಹತ್ತು ಮೀಟರಿನ ನೌಕೆಯ ಹಿಂದೆ, ಅದೂ ಒಂದು ಮೀಟರ್ ಆಚೆ, 120 ಕೆ.ಜಿ. ತೂಗಿದರೆ ಮುಂಬದಿ ಎದ್ದು ಹಿಂಬದಿ ಕೂರುತ್ತದೆ, ಅಲೆಯಲ್ಲಿ ತೂಗಾಟ ಹೆಚ್ಚುತ್ತದೆ. ಯಾವ ತಯಾರಕರ ಡೇವಿಟ್ ಕೊಂಡರೂ ಈ ದೋಷ ಹೋಗುವುದಿಲ್ಲ. ತೂಕ ಇಳಿಸಿದರೆ ಮಾತ್ರ ಹೋಗುತ್ತದೆ.

ತೋಳನ್ನು ಯಾವುದರಿಂದ ಮಾಡಬೇಕು ಎಂಬುದರ ಬಗ್ಗೆ ಮೂರು ಮಾತು ಸಾಕು. 316 ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ಉಪ್ಪುಗಾಳಿಯಲ್ಲಿ ಅದು ತಾಳುವುದು ಇದರಿಂದ. ಅಗ್ಗದ 304ರಲ್ಲಿ ಅದಿಲ್ಲ, ಬೇಗ ಕಂದುಕಲೆ ಹಿಡಿಯುತ್ತದೆ. ಇವೆರಡನ್ನು ಅಯಸ್ಕಾಂತ ಹಿಡಿದು ಪರೀಕ್ಷಿಸುತ್ತೇವೆ ಎನ್ನುವವರ ಮಾತು ನಂಬುವಂತಿಲ್ಲ. ಅಯಸ್ಕಾಂತ ಇವುಗಳ ಭೇದ ಹೇಳುವುದಿಲ್ಲ, ಬಗ್ಗಿಸಿದ ಮತ್ತು ವೆಲ್ಡ್ ಮಾಡಿದ ಜಾಗದಲ್ಲಿ ಒಳ್ಳೆಯ ಉಕ್ಕೂ ತುಸು ಅಂಟಬಹುದು. ಖರೀದಿಯ ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ಲೇಸು. ಅಲ್ಯೂಮಿನಿಯಂ ಹಗುರ, ಬೆಲೆಯೂ ಹಗುರ. ಆದರೆ 6061 ದರ್ಜೆಯಂಥ ಹದಗೊಳಿಸಿದ ಅಲ್ಯೂಮಿನಿಯಂ ವೆಲ್ಡಿಂಗಿನ ಬಿಸಿ ತಗಲಿದ ಜಾಗದಲ್ಲಿ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಅತಿ ಹೆಚ್ಚು ಒತ್ತಡ ಬೀಳುವ ಬುಡದಲ್ಲೇ ವೆಲ್ಡ್ ಇದ್ದರೆ ಅದು ಒಳ್ಳೆಯ ವಿನ್ಯಾಸವಲ್ಲ. ಬೋಲ್ಟಿನಿಂದ ಜೋಡಿಸಿದ್ದು ಅಥವಾ ಎರಕದ್ದು ಮೇಲು. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಬೋಲ್ಟು ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ನೈಲಾನ್ ತೊಡಿಸಬೇಕು. ಇನ್ನು ಮರ. ಮಾರ್ಗನ್ ಹಡಗಿನ ಡೇವಿಟ್‌ಗಳು ತೋರಿಸುವ ಹಾಗೆ ಮರದಿಂದಲೂ ಆಗುತ್ತದೆ. ಪದರ ಪದರವಾಗಿ ಅಂಟಿಸಿ ಬಾಗಿಸಿದ ಮರದ ತೋಳನ್ನು ಬಡಗಿತನ ಬಲ್ಲ ನಾವಿಕರು ತಾವೇ ಮಾಡಿಕೊಳ್ಳುತ್ತಾರೆ. ವಾರ್ನಿಶ್ ಮಾಡುತ್ತ ಇರಬೇಕು, ಅಷ್ಟೆ.

ಕೊಳ್ಳುವ ಜಾಗಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಟ್ರಿನಿಡಾಡ್‌ನ ಚಾಗುವರಾಮಾಸ್‌ನಂಥ ದುರಸ್ತಿ ಬಂದರುಗಳಲ್ಲಿ ಸ್ಟೇನ್‌ಲೆಸ್ ಕೆಲಸ ಬಲ್ಲ ಕುಶಲಕರ್ಮಿಗಳಿದ್ದಾರೆ. ತೂಕ, ಚಾಚು, ಪೈಪಿನ ಅಡ್ಡಳತೆ, ಹಿಡಿತದ ಅಂತರ ಈ ನಾಲ್ಕನ್ನು ಕಾಗದದ ಮೇಲೆ ಬರೆದುಕೊಂಡು ಹೋದವರಿಗೆ ಅಲ್ಲಿ ಮಾಡಿಸಿಕೊಳ್ಳುವುದು ಲಾಭ. ‘ಒಂದು ಜೊತೆ ಡೇವಿಟ್ ಮಾಡಿಕೊಡಿ’ ಎಂದಷ್ಟೇ ಹೇಳುವವರಿಗೆ ಲಾಭವಲ್ಲ. ಸೆಕೆಂಡ್ ಹ್ಯಾಂಡ್ ಡೇವಿಟ್‌ಗಳೂ ಸಿಗುತ್ತವೆ, ನೌಕೆ ಮಾರುವವರು ಕಳಚಿಟ್ಟದ್ದು, ದೊಡ್ಡ ಜೋಡಿಗೆ ಬದಲಾಯಿಸಿದವರು ಬಿಟ್ಟದ್ದು. ಅವುಗಳಲ್ಲಿ ನೋಡಬೇಕಾದ್ದು ಮೇಲಿನ ಹೊಳಪನ್ನಲ್ಲ. ಬುಡದ ಚಪ್ಪಟೆ ತಗಡು ಡೆಕ್ಕಿಗೆ ಅಂಟಿಕೊಂಡಿದ್ದ ಅಡಿಭಾಗವನ್ನು ತಿರುಗಿಸಿ ನೋಡಬೇಕು. ಗಾಳಿ ತಗಲದೆ ಉಪ್ಪುನೀರು ನಿಂತ ಸಂದಿನಲ್ಲಿ ಸ್ಟೇನ್‌ಲೆಸ್ ಉಕ್ಕೂ ಗುಳಿ ಬಿದ್ದು ಸೊರಗುತ್ತದೆ. ಅಲ್ಲಿ ಕಂದು ಗೆರೆ ಕಂಡರೆ, ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ ಕೈ ಬಿಡಬೇಕು. ಇನ್ನು ಎರಡು ತೋಳುಗಳ ನಡುವಿನ ಅಂತರ ತಮ್ಮ ಡಿಂಗಿಯ ಎತ್ತುಕೊಂಡಿಗಳ ಅಂತರಕ್ಕೆ ಹೊಂದುತ್ತದೆಯೇ, ಹಿಂಬದಿಯಲ್ಲಿ ಗಾಳಿಯಿಂದ ತಾನೇ ಚುಕ್ಕಾಣಿ ಹಿಡಿಯುವ ಯಂತ್ರ ಇದ್ದರೆ ಅದಕ್ಕೆ ಅಡ್ಡ ಬರುತ್ತದೆಯೇ ಎಂಬುದನ್ನು ಅಳತೆಪಟ್ಟಿ ಹಿಡಿದೇ ತೀರ್ಮಾನಿಸಬೇಕು.

ಎಲ್ಲಕ್ಕಿಂತ ಮೂಲಭೂತವಾದ ಆಕ್ಷೇಪ ಒಂದಿದೆ: ಡೇವಿಟ್ ಯಾಕೆ ಬೇಕು? ಹಾಯಿ ಏರಿಸುವ ಹಗ್ಗವನ್ನೇ ಡಿಂಗಿಯ ಮೂರು ಮೂಲೆಗೆ ಕಟ್ಟಿದ ಕವಲುಹಗ್ಗಕ್ಕೆ ಸಿಕ್ಕಿಸಿ, ವಿಂಚ್ ತಿರುಗಿಸಿದರೆ ದೋಣಿ ನೀರಿನಿಂದೆದ್ದು ನೌಕೆಯ ಪಕ್ಕದಲ್ಲಿ ತೂಗುತ್ತದೆ. ಖರ್ಚು ಒಂದಷ್ಟು ಹಗ್ಗದ್ದು ಮಾತ್ರ. ಈ ಆಕ್ಷೇಪಕ್ಕೆ ನನ್ನ ಉತ್ತರ ವಿರೋಧವಲ್ಲ, ಬಹುಮಟ್ಟಿಗೆ ಒಪ್ಪಿಗೆ. ಹತ್ತು ಮೀಟರಿಗಿಂತ ಚಿಕ್ಕ ನೌಕೆಯವರಿಗೆ, ವರ್ಷಕ್ಕೆ ಕೆಲವೇ ವಾರ ಹೊರಡುವವರಿಗೆ ಅದೇ ಸರಿಯಾದ ದಾರಿ. ಆದರೆ ದಿನಕ್ಕೆ ಎರಡು ಸಲ ದಡಕ್ಕೆ ಹೋಗಿ ಬರುವವರು, ಬೆಳಗಾದರೆ ಮುಂದಿನ ಕೊಲ್ಲಿಗೆ ಹೊರಡುವವರು, ಪಕ್ಕದಲ್ಲಿ ತೂಗುವ ದೋಣಿಯನ್ನು ಪ್ರತಿಸಲ ಮುಂದಿನ ಡೆಕ್ಕಿಗೆ ಇಳಿಸಿ ಕಟ್ಟಬೇಕು. ಇದು ಎರಡಾಳಿನ ಕೆಲಸ, ಗಾಳಿ ಬಂದಾಗ ಅಪಾಯದ್ದೂ ಹೌದು. ಡೇವಿಟ್ ಉಳಿಸುವುದು ಈ ಶ್ರಮವನ್ನು. ಸಾಗರ ದಾಟುವ ವಿಷಯದಲ್ಲಿ ಮಾತ್ರ ಹಗ್ಗದ ಪಕ್ಷದವರೇ ಸರಿ. 1986ರಲ್ಲಿ ಶುರುವಾದ, ನಾವಿಕರು ಒಟ್ಟಾಗಿ ಸಾಗರ ದಾಟುವ ಅಟ್ಲಾಂಟಿಕ್ ರ‍್ಯಾಲಿಯ ನೌಕೆಗಳು ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾವಿಕ ಮೈಲಿ ಸಾಗುತ್ತವೆ. ಅಂಥ ಪಯಣದಲ್ಲಿ ಹಿಂದಿನಿಂದ ಬರುವ ಅಲೆ ತೂಗುವ ಡಿಂಗಿಯನ್ನು ತುಂಬಿಬಿಟ್ಟರೆ ಯಾವ ಡೇವಿಟ್ಟೂ ತಡೆಯಲಾರದು. ದೋಣಿಯನ್ನು ಮುಂದಿನ ಡೆಕ್ಕಿಗೆ ಬಿಗಿಯುವುದೇ ಕ್ಷೇಮ. ಇದನ್ನು ಒಪ್ಪಿಕೊಂಡರೆ ನನ್ನ ವಾದಕ್ಕೆ ಬಲವೇ ಬರುತ್ತದೆ. ಡೇವಿಟ್ ಸಾಗರವನ್ನು ತಡೆಯಬೇಕಿಲ್ಲ, ಕೊಲ್ಲಿಯ ರಾತ್ರಿಗಳನ್ನೂ ಒಂದು ಹಗಲಿನ ಪಯಣವನ್ನೂ ತಡೆದರೆ ಸಾಕು ಎಂದಾಗ ಸಾಧಾರಣ ಬೆಲೆಯದೇ ಸಾಕಾಗುತ್ತದೆ.

ಸೌರಫಲಕಗಳನ್ನು ಕೂರಿಸುವ ದೊಡ್ಡ ಕಮಾನು ಕಟ್ಟಿಸಿ ಅದಕ್ಕೇ ಡಿಂಗಿಯನ್ನೂ ತೂಗುಹಾಕುವುದು ಈಗ ಹೆಚ್ಚು ಕಾಣುತ್ತದೆ. ಎರಡು ಕೆಲಸಕ್ಕೆ ಒಂದೇ ಖರ್ಚು ಎನ್ನುವುದು ಆಕರ್ಷಕವೇ. ಕಮಾನಿನ ಕಾಲುಗಳು ಅಗಲವಾಗಿ ನಿಲ್ಲುವುದರಿಂದ ಅಡ್ಡ ಎಳೆತಕ್ಕೆ ಅದು ಗಟ್ಟಿ. ಸೌರಫಲಕ ಹೇಗಿದ್ದರೂ ಬೇಕು ಎನ್ನುವವರಿಗೆ ಇದೇ ಅಗ್ಗ. ಆದರೆ ಫಲಕಕ್ಕೆಂದು ಮಾಡಿಸಿದ ತೆಳುಪೈಪಿನ ಕಮಾನಿಗೆ ಆಮೇಲೆ ಡಿಂಗಿ ನೇತುಹಾಕುವುದು ಬೇರೆ ಮಾತು. ಫಲಕದ ತೂಕ ಕಾಲುಗಳ ಮೇಲೆ ನೇರ ಇಳಿಯುತ್ತದೆ. ಡಿಂಗಿಯದು ಹಿಂದಕ್ಕೆ ಜಗ್ಗುತ್ತದೆ. ಕಟ್ಟಿಸುವ ಮೊದಲೇ ಡಿಂಗಿಯ ಲೆಕ್ಕ ಸೇರಿಸಿದರೆ ಸರಿ, ಇಲ್ಲವಾದರೆ ಎರಡೂ ಹೋಗುತ್ತವೆ.

ಕೊನೆಯದಾಗಿ, ಕಾಸಿಲ್ಲದೆ ಸಿಗುವ ಬಲವೊಂದಿದೆ. ಡಿಂಗಿಯ ಹಿಂಭಾಗದಲ್ಲಿ ಬೆರಳುಗಾತ್ರದ ಬಿರಡೆಯೊಂದಿರುತ್ತದೆ. ಎತ್ತಿದ ಮೇಲೆ ಅದನ್ನು ತೆಗೆದಿಡಬೇಕು. ಎರಡೂವರೆ ಚದರ ಮೀಟರ್ ಒಳಹರವಿನ ದೋಣಿಯಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ 125 ಲೀಟರ್, ಅಂದರೆ 125 ಕೆ.ಜಿ. ನೀರು ನಿಲ್ಲುತ್ತದೆ, ದೋಣಿ, ಎಂಜಿನ್, ಪೆಟ್ರೋಲು ಎಲ್ಲ ಸೇರಿದ್ದಕ್ಕಿಂತ ಹೆಚ್ಚು. ಮಲಗುವ ಮುಂಚೆ ಸರಿಯಿದ್ದ ಡೇವಿಟ್ ಬೆಳಗ್ಗೆ ಬಾಗಿರುವುದಕ್ಕೆ ಉಷ್ಣವಲಯದ ಒಂದು ರಾತ್ರಿಯ ಮಳೆ ಸಾಕು. ಬಿರಡೆ ತೆಗೆದು, ಮೂತಿ ತುಸು ಮೇಲಿರುವಂತೆ ತೂಗುಹಾಕಿದರೆ ಬಿದ್ದ ನೀರು ಹರಿದುಹೋಗುತ್ತದೆ. ಡಿಂಗಿಯ ಎರಡು ತುದಿಯಿಂದ ನೌಕೆಯ ಎದುರು ಮೂಲೆಗಳಿಗೆ ಕತ್ತರಿಯಾಗಿ ಹಗ್ಗ ಬಿಗಿದರೆ ತೂಗಾಟ ನಿಲ್ಲುತ್ತದೆ, ಜಗ್ಗಾಟದ ಪಟ್ಟು ಇಳಿಯುತ್ತದೆ.

ಹಾಗಾದರೆ ಹಣ ಖರ್ಚು ಮಾಡುವ ಕ್ರಮ ಹೀಗಿರಲಿ. ಮೊದಲು ಡಿಂಗಿಯನ್ನೂ ಎಂಜಿನ್ನನ್ನೂ ಬೇರೆಬೇರೆಯಾಗಿ ತೂಕ ಹಾಕಿ. ಇದಕ್ಕೆ ಕಾಸು ಬೇಡ. ಆಮೇಲೆ ಎಂಜಿನ್ ಎತ್ತುವ ಕಂಬ ಮತ್ತು ರಾಟೆಗೆ ಕೊಡಿ. ಮೂರನೆಯದಾಗಿ ಡೆಕ್ಕಿನ ತಿರುಳು, ಅಡಿತಗಡು, ಎರಡನೇ ಹಿಡಿತಕ್ಕೆ. ಉಳಿದ ಹಣದಲ್ಲಿ ಸಿಗುವ ಅತಿ ದೊಡ್ಡ ಅಡ್ಡಳತೆಯ ಪೈಪಿನ ತೋಳು ಕೊಳ್ಳಿ. ಅದರ ಮೇಲೆ ಯಾರ ಹೆಸರಿದೆ ಎಂಬುದು ಕೊನೆಯ ಪ್ರಶ್ನೆಯಾಗಲಿ. ಈ ಕ್ರಮದಲ್ಲಿ ಹೋದವರಿಗೆ ಮೊದಲ ಮೂರು ಹಂತ ಮುಗಿಯುವ ಹೊತ್ತಿಗೆ ತಾವು ನೋಡಿಟ್ಟಿದ್ದಕ್ಕಿಂತ ಚಿಕ್ಕ ಜೋಡಿಯೇ ಸಾಕೆಂದು ಗೊತ್ತಾಗಬಹುದು. ಕೆಲವರಿಗೆ ಡೇವಿಟ್ಟೇ ಬೇಡವೆಂದೂ ಗೊತ್ತಾಗಬಹುದು. ಬೆಲೆಪಟ್ಟಿಯಿಂದ ಶುರುಮಾಡಿದವರಿಗೆ ಈ ಎರಡೂ ಸಂಗತಿ ಗೊತ್ತಾಗುವುದು ಹಣ ಕೊಟ್ಟ ಮೇಲೆ.